ಗಂಡನ ವೀಸಾಕ್ಕಾಗಿ ಕಾದ ದಿನಗಳಲ್ಲಿ ನಾನು ಮಾಡಿದ್ದು

ನಾನು ಅಮೆರಿಕದ ಪ್ರಜೆ. ಮದುವೆಯಾದ ಮೇಲೆ ಗಂಡನಿಗಾಗಿ ಐ-130 ಅರ್ಜಿ ಹಾಕಿದೆ, ಅಂದರೆ ಹತ್ತಿರದ ಸಂಬಂಧಿಯನ್ನು ಇಲ್ಲಿಗೆ ಕರೆಸಿಕೊಳ್ಳಲು ಹಾಕುವ ಮೊದಲ ಅರ್ಜಿ. ಪ್ರಜೆಗಳ ಗಂಡ ಅಥವಾ ಹೆಂಡತಿಗೆ ವರ್ಷಕ್ಕೆ ಇಷ್ಟೇ ವೀಸಾ ಅನ್ನೋ ಮಿತಿ ಇಲ್ಲ. ಗ್ರೀನ್ ಕಾರ್ಡ್ ಇರುವವರ ಸಂಗಾತಿಗಳು ಮಿತಿಯಿರುವ ಎಫ್2ಎ ವರ್ಗದಲ್ಲಿ ಬರುತ್ತಾರೆ, ತಮ್ಮ ಸರದಿ ಬಂತಾ ಅಂತ ಪ್ರತಿ ತಿಂಗಳೂ ಸರ್ಕಾರದ ವೀಸಾ ಬುಲೆಟಿನ್ ನೋಡುತ್ತಿರಬೇಕು. ನಮಗೆ ಆ ಪಾಡಿರಲಿಲ್ಲ. ಆದರೂ ಅರ್ಜಿಯನ್ನು ಒಬ್ಬರು ಕೈಗೆತ್ತಿಕೊಂಡು ಓದಬೇಕಲ್ವಾ? ಆ ಸರದಿಯೇ ಬಹಳ ಉದ್ದ.

ಮೊದಮೊದಲು ನಮ್ಮ ಮಾತೆಲ್ಲ ಕೇಸಿನದೇ ಆಗಿತ್ತು. ನನಗೆ ಬೆಳಗಾದರೆ ಅವರಿಗೆ ರಾತ್ರಿ, ಸಿಗುವುದೇ ಸ್ವಲ್ಪ ಹೊತ್ತು. ಅದೂ ‘ಸ್ಟೇಟಸ್ ಬದಲಾಯಿತಾ’ ಅನ್ನುವುದರಲ್ಲೇ ಮುಗಿಯುತ್ತಿತ್ತು. ಕೊನೆಗೆ ಇಬ್ಬರೂ ಕೂತು ಒಂದು ನಿಯಮ ಮಾಡಿಕೊಂಡೆವು. ಕೇಸಿನ ಮಾತು ಶನಿವಾರ ಮಾತ್ರ. ಸ್ಟೇಟಸ್ ನೋಡುವುದೂ ಅಂದೇ. ಏನಾದರೂ ಬದಲಾದರೆ ಇಮೇಲ್ ಬರುತ್ತದೆ, ದಿನಾ ನೋಡಿದರೆ ಬೇಗ ಬರುವುದಿಲ್ಲ. ಉಳಿದ ದಿನ ಅವರ ಆಫೀಸು, ನನ್ನ ಕೆಲಸ, ಜಗಳ, ನಗು. ಗಂಡ ಹೆಂಡತಿ ಮಾತಾಡುವ ಹಾಗೆ ಮಾತಾಡಿದೆವು.

ಶನಿವಾರದ ಆ ಹೊತ್ತನ್ನು ನಾವು ಸುಮ್ನೆ ಕಳೆಯಲಿಲ್ಲ. ನಮ್ಮ ಕೈಲಿರುವ ಕೆಲಸ ಯಾವುದು ಅಂತ ನೋಡಿಕೊಂಡು ಅಷ್ಟನ್ನೇ ಮಾಡಿದೆವು. ಅಮೆರಿಕದ ವಲಸೆ ಇಲಾಖೆ ಯುಎಸ್‌ಸಿಐಎಸ್ ಐ-130 ಒಪ್ಪಿದ ಮೇಲೆ ಕಡತ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತದೆ. ಅಲ್ಲಿ ಶುಲ್ಕ ಕಟ್ಟಬೇಕು, ಡಿಎಸ್-260 ಅನ್ನುವ ವೀಸಾ ಅರ್ಜಿ ತುಂಬಬೇಕು, ಐ-864 ಕೊಡಬೇಕು. ಐ-864 ಅಂದರೆ ಸಂಗಾತಿಯ ಖರ್ಚಿಗೆ ನಾನು ಹೊಣೆ ಅನ್ನುವ ಬರಹ. ಅಮೆರಿಕ ಸರ್ಕಾರದ ಬಡತನ ರೇಖೆಯ ಕನಿಷ್ಠ 125 ಶೇಕಡಾ ಆದಾಯ ತೋರಿಸಬೇಕು. ಅದು ಸಾಲದಿದ್ದರೆ ಇನ್ನೊಬ್ಬರು ಜೊತೆಗೆ ಸಹಿ ಹಾಕಬಹುದು. ಕಾಯುತ್ತಿರುವಾಗಲೇ ಹೊಸ ವರ್ಷದ ತೆರಿಗೆ ಸಲ್ಲಿಸಿದ್ದರಿಂದ ಆ ರಿಟರ್ನ್ ಪ್ರತಿಯನ್ನೂ ಫೈಲಿಗೆ ಸೇರಿಸಿದೆ. ಪೊಲೀಸ್ ಪ್ರಮಾಣಪತ್ರ ಎರಡು ವರ್ಷಕ್ಕೆ ಹಳೆಯದಾಗುತ್ತದೆ, ಹಾಗಾಗಿ ಅದನ್ನು ತೀರಾ ಮೊದಲೇ ತೆಗೆಸಲಿಲ್ಲ. ವೈದ್ಯಕೀಯ ಪರೀಕ್ಷೆಗಂತೂ ಸಂದರ್ಶನದ ದಿನ ಗೊತ್ತಾಗುವವರೆಗೆ ಹೋಗಲೇಬಾರದು. ಅದರ ಅವಧಿ ಸಾಮಾನ್ಯವಾಗಿ ಆರು ತಿಂಗಳು, ವೀಸಾದ ಅವಧಿಯೂ ಅದಕ್ಕೆ ತಕ್ಕ ಹಾಗೇ ಇರುತ್ತದೆ.

ಅವರು ಪ್ರವಾಸಿ ವೀಸಾದಲ್ಲಿ ಬಂದು ಹೋಗಬಹುದಲ್ವಾ ಅಂತ ತುಂಬಾ ಜನ ಕೇಳಿದರು. ಕಾನೂನಿನಲ್ಲಿ ತಡೆಯಿಲ್ಲ. ಆದರೆ ಇಲ್ಲೇ ನೆಲೆಸಲು ಅರ್ಜಿ ಹಾಕಿರುವವರು ವಾಪಸ್ ಹೋಗುತ್ತಾರೆ ಅಂತ ಅಧಿಕಾರಿಯನ್ನು ಒಪ್ಪಿಸುವುದು ಕಷ್ಟ. ಅದಕ್ಕೆ ನಾನೇ ರಜೆ ಕೂಡಿಹಾಕಿ ಹೋಗಿ ಬಂದೆ. ಬೋರ್ಡಿಂಗ್ ಪಾಸು, ಫೋಟೊ ಎಲ್ಲ ಎತ್ತಿಟ್ಟುಕೊಂಡೆ. ನಮ್ಮ ಮದುವೆ ನಿಜವಾದದ್ದು ಅನ್ನುವುದಕ್ಕೆ ಅವೂ ಪುರಾವೆ. ಆದರೆ ನಾನು ಹೋಗಿದ್ದು ಪುರಾವೆಗಲ್ಲ, ಅವರನ್ನು ನೋಡಲಿಕ್ಕೆ.

ನನಗೆ ಜಾಸ್ತಿ ಚಿಂತೆಯಾಗಿದ್ದು ಅವರ ಬಗ್ಗೆ. ಆಫೀಸಿನಲ್ಲಿ ಹೊಸ ಜವಾಬ್ದಾರಿ ಕೊಡುತ್ತೇವೆ ಅಂದಾಗ ‘ಹೇಗೂ ಹೋಗೋವನು ತಾನೇ’ ಅಂತ ಬೇಡ ಅನ್ನಲು ಹೊರಟಿದ್ದರು. ‘ತಗೊಳ್ಳಿ, ವೀಸಾ ಬಂದ ದಿನ ಬಿಟ್ಟರಾಯಿತು’ ಅಂದೆ. ತಗೊಂಡರು. ಕಾಯುವ ಕಾಲದಲ್ಲಿ ಅವರ ಮುಖದಲ್ಲಿ ಗೆಲುವು ತಂದಿದ್ದು ಆ ಕೆಲಸವೇ. ಪಾಸ್‌ಪೋರ್ಟಿನಲ್ಲಿ ವೀಸಾ ಕಾಣುವವರೆಗೆ ಯಾರೂ ಕೆಲಸ ಬಿಡಬೇಡಿ, ಮನೆ ಮಾರಬೇಡಿ, ಟಿಕೆಟ್ ತೆಗೆಯಬೇಡಿ. ಸಂದರ್ಶನ ಆದ ಮೇಲೂ ‘221(ಜಿ)’ ಅಂತ ಇನ್ನಷ್ಟು ದಾಖಲೆ ಕೇಳಬಹುದು, ಇಲ್ಲವೇ ಪರಿಶೀಲನೆಗೆ ಇಟ್ಟುಕೊಳ್ಳಬಹುದು.

ಅತ್ತೆಯವರು ಪ್ರತಿ ಸಲ ‘ಏನಮ್ಮಾ, ವೀಸಾ ಬಂತಾ?’ ಅನ್ನುತ್ತಿದ್ದರು. ಪ್ರೀತಿಯಿಂದಲೇ ಕೇಳುತ್ತಿದ್ದರು, ಆದರೆ ‘ಇಲ್ಲ’ ಅಂತ ಹೇಳಿ ಹೇಳಿ ನನಗೆ ಅಳು ಬರುತ್ತಿತ್ತು. ‘ಬಂದ ದಿನ ನಿಮಗೇ ಮೊದಲು ಹೇಳ್ತೀವಿ ಅತ್ತೆ’ ಅಂದೆ. ಆಮೇಲೆ ಅವರು ವೀಸಾ ಬಿಟ್ಟು ನನ್ನನ್ನೇ ವಿಚಾರಿಸತೊಡಗಿದರು.

ಯುಎಸ್‌ಸಿಐಎಸ್ ತನ್ನ ತಾಣದಲ್ಲಿ ಹಾಕುವ ಅವಧಿ ದಾಟುವ ಮುಂಚೆ ವಿಚಾರಿಸಿದರೆ ಏನೂ ಸಿಗುವುದಿಲ್ಲ. ದಾಟಿದ ಮೇಲೆ ವಿಚಾರಣೆ ಸಲ್ಲಿಸಿ. ಉತ್ತರ ಬರದಿದ್ದರೆ ನಿಮ್ಮ ಕ್ಷೇತ್ರದ ಸಂಸದರ ಕಚೇರಿಗೆ ಬರೆಯಿರಿ. ನಾನು ಬರೆದೆ. ನಿಮ್ಮ ಪರವಾಗಿ ಕೇಳಲು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಅವರು ತೀರ್ಮಾನ ಮಾಡಿಸಲಾರರು, ಕಡತ ಎಲ್ಲಿದೆ ಅಂತ ತಿಳಿದು ಹೇಳುತ್ತಾರೆ. ಅಷ್ಟು ಗೊತ್ತಾದರೂ ನಿದ್ದೆ ಬರುತ್ತದೆ. ದುಡ್ಡು ಕೊಟ್ಟರೆ ಬೇಗ ಮಾಡಿಸುತ್ತೇವೆ ಅನ್ನುವವರನ್ನು ಮಾತ್ರ ಹತ್ತಿರ ಸೇರಿಸಬೇಡಿ. ಐ-130ಕ್ಕೆ ಪ್ರೀಮಿಯಂ ಪ್ರೊಸೆಸಿಂಗ್ ಅನ್ನುವುದೇ ಇಲ್ಲ.

ತಡವಾಗಿದ್ದರಿಂದ ಒಂದು ಅನುಕೂಲವೂ ಆಯಿತು. ಅಮೆರಿಕಕ್ಕೆ ಕಾಲಿಡುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಸಿಆರ್-1, ಅಂದರೆ ಎರಡೇ ವರ್ಷದ, ಷರತ್ತಿನ ಗ್ರೀನ್ ಕಾರ್ಡ್. ಆಮೇಲೆ ಐ-751 ಹಾಕಿ ಷರತ್ತು ತೆಗೆಸಬೇಕು. ನಮ್ಮದು ಎರಡು ವರ್ಷ ದಾಟಿತ್ತು. ಅವರಿಗೆ ಐಆರ್-1 ಸಿಕ್ಕಿತು, ಹತ್ತು ವರ್ಷದ ಕಾರ್ಡ್. ವಿಮಾನ ನಿಲ್ದಾಣದಲ್ಲಿ ವೀಸಾ ಮೇಲೆ ಒತ್ತಿದ ಮುದ್ರೆಯೇ ಒಂದು ವರ್ಷ ಗ್ರೀನ್ ಕಾರ್ಡ್ ಇದ್ದ ಹಾಗೆ. ಕಾರ್ಡ್ ಅಂಚೆಯಲ್ಲಿ ಬರುವ ಮೊದಲೇ ಅವರು ಕೆಲಸ ಹುಡುಕಲು ಶುರು ಮಾಡಿದರು.