ಲಾಯದಲ್ಲಿಟ್ಟ ನಿಮ್ಮ ಕುದುರೆಯನ್ನು ಕೇಳದೆ ಬೇರೆಯವರು ಏರುತ್ತಿದ್ದರೆ

ಪುಣೆಯಲ್ಲಿ ಸ್ವಂತ ಕುದುರೆ ಸಾಕಿರುವ ನಮ್ಮಂಥವರಲ್ಲಿ ಹೆಚ್ಚಿನವರಿಗೆ ಸ್ವಂತ ಲಾಯ ಇಲ್ಲ. ಫ್ಲ್ಯಾಟಿನಲ್ಲಿ ಇರುವವರು ನಾವು. ಊರ ಹೊರಗಿನ ಯಾವುದೋ ರೈಡಿಂಗ್ ಸ್ಕೂಲಿನವರಿಗೆ ತಿಂಗಳಿಗಿಷ್ಟು ಎಂದು ಕಟ್ಟಿ, ಮೇವು, ಮಾಲೀಶು, ಕುದುರೆ ನೋಡಿಕೊಳ್ಳುವ ಸೈಸನ ಖರ್ಚು ಎಲ್ಲ ಅದರಲ್ಲೇ ಸೇರಿಸಿ, ಕುದುರೆಯನ್ನು ಅವರ ತಬೇಲಾದಲ್ಲಿ ಬಿಟ್ಟಿರುತ್ತೇವೆ. ವಾರದ ದಿನಗಳಲ್ಲಿ ಆಫೀಸು, ಹಿಂಜವಡಿ ಟ್ರಾಫಿಕ್ಕು. ನಾವು ಇಲ್ಲದ ಹೊತ್ತಿನಲ್ಲಿ ಅದರ ಬೆನ್ನ ಮೇಲೆ ಯಾರು ಕೂರುತ್ತಾರೆ ಅನ್ನುವುದು ಲಾಯದವರ ನಿಯತ್ತಿಗೆ ಬಿಟ್ಟ ವಿಷಯವಾಗುತ್ತದೆ.

ನನ್ನ ತುಂಗಾ ಕೆಂಚು ಬಣ್ಣದ ಹೆಣ್ಣು ಕುದುರೆ, ರೇಸಿನಿಂದ ಬಿಡುಗಡೆಯಾಗಿ ಬಂದವಳು. ಮುಂದಿನ ಎಡಗಾಲಿನ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಉಳುಕಿತ್ತು. ಕೈಯಲ್ಲಿ ಹಿಡಿದು ನಡೆಸಬೇಕು, ಯಾರೂ ಏರಬಾರದು ಎಂದು ಪಶುವೈದ್ಯರು ಬರೆದುಕೊಟ್ಟಿದ್ದರು. ಅಂಥ ಹೊತ್ತಿನಲ್ಲೇ ಆಗ ನಾವಿದ್ದ ಲಾಯದವರು ಶನಿವಾರ, ಭಾನುವಾರ ಅವಳನ್ನು ಹೊಸಬರ ಕ್ಲಾಸಿಗೆ ಕೊಡುತ್ತಿದ್ದರು. ಕುದುರೆಯ ಟೆಂಡನ್ ಸರಿಯಾಗಿ ಕೂಡಿಕೊಳ್ಳಲು ತಿಂಗಳುಗಳೇ ಬೇಕು, ಪೆಟ್ಟು ದೊಡ್ಡದಿದ್ದರೆ 9ರಿಂದ 12 ತಿಂಗಳು ಹಿಡಿಯುತ್ತದೆ. ನಡುವೆ ಒಂದು ದಿನದ ಕ್ಯಾಂಟರ್ (ನೆಗೆದಂತೆ ಸಾಗುವ ಹದವಾದ ಓಟ) ಸಾಕು, ವಾಸಿಯಾಗುತ್ತಿದ್ದದ್ದು ಮತ್ತೆ ಹರಿಯಲು. ಸಿಟ್ಟು ಬಂತು, ಅಳುವೂ ಬಂತು. ಆದರೆ ಸಿಟ್ಟಿನಿಂದ ಅವಳ ಕಾಲಿಗೆ ಏನೂ ಆಗುವುದಿಲ್ಲವಲ್ಲ. ಆ ಜಗಳವನ್ನು ಕೊನೆ ಮುಟ್ಟಿಸಿದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕುದುರೆಯ ಮೈ ಓದಿ

ಅನುಮಾನ ಬಂದರೆ ಹೇಳದೆ ಹೋಗಿ. ಭಾನುವಾರ ಸಂಜೆ ಅಥವಾ ಸೋಮವಾರ ಬೆಳಿಗ್ಗೆ ಮಾಲೀಶಿಗೆ ಮುಂಚೆ ಹೋದರೆ ಒಳ್ಳೆಯದು. ಆಫೀಸಿನ ಕಡೆ ಹೋಗಬೇಡಿ, ನೇರ ಕುದುರೆಯ ಹತ್ತಿರ ಹೋಗಿ.

ಬೆನ್ನನ್ನು ಬೆಳಕಿಗೆ ಓರೆಯಾಗಿ ನೋಡಿ. ಜೀನು ಕೂತಿದ್ದ ಜಾಗದಲ್ಲಿ ಕೂದಲು ಚಪ್ಪಟೆಯಾಗಿ, ಅದರ ಅಂಚಿನುದ್ದಕ್ಕೂ ಬಿಳಿ ಉಪ್ಪಿನ ಗೆರೆ ಎದ್ದಿರುತ್ತದೆ. ಕುದುರೆಯ ಬೆವರಿನಲ್ಲಿ ನೊರೆ ಏಳಿಸುವ ಒಂದು ಪ್ರೋಟೀನ್ ಇದೆ. ಹಾಗಾಗಿ ತೊಡೆಗಳ ನಡುವೆ, ಲಗಾಮು ಉಜ್ಜುವ ಕತ್ತಿನ ಬದಿಯಲ್ಲಿ ಒಣಗಿದ ನೊರೆ ಹಿಟ್ಟಿನ ಹಾಗೆ ಅಂಟಿಕೊಂಡಿರುತ್ತದೆ. ಮುಂಗಾಲುಗಳ ಹಿಂದೆ, ಹೊಟ್ಟೆಗೆ ತಂಗು (ಜೀನನ್ನು ಹಿಡಿದಿಡುವ ಪಟ್ಟಿ) ಬಿಗಿಯುವ ಜಾಗಕ್ಕೆ ಕೈ ಹಾಕಿ. ಬೆನ್ನನ್ನು ಗಡಿಬಿಡಿಯಲ್ಲಿ ಒರೆಸಿದರೂ ಅಲ್ಲಿ ಒರೆಸುವುದನ್ನು ಮರೆಯುತ್ತಾರೆ. ತುಂಗಾಳ ಮೈಯಲ್ಲಿ ನನಗೆ ಮೊದಲು ಸಿಕ್ಕಿದ್ದು ಅದೇ: ಬೆನ್ನು ಸ್ವಚ್ಛ, ಕೆಳಗೆ ಮಾತ್ರ ಕೂದಲು ಗಂಟುಗಂಟಾಗಿ ಒಣಗಿ, ಬೆರಳಿಗೆ ಉಪ್ಪು ಹತ್ತಿತು.

ಮಳೆಗಾಲದಲ್ಲಿ "ಹೊರಗೆ ಕಟ್ಟಿದ್ವಿ, ಮಳೆಗೆ ನೆಂದಿದೆ" ಎಂಬ ಉತ್ತರ ಬರುತ್ತದೆ. ಬರೀ ಮಳೆಗೆ ನೆಂದ ಕುದುರೆಯ ಬೆನ್ನು, ಸೊಂಟ ಒಂದೇ ಸಮ ತೊಯ್ದಿರುತ್ತದೆ. ಜೀನು ಹಾಕಿಕೊಂಡು ನೆಂದಿದ್ದರೆ ಜೀನಿನ ಆಕಾರ ಮೈಮೇಲೆ ಬೇರೆಯಾಗಿಯೇ ಕಾಣುತ್ತದೆ.

ಆಮೇಲೆ ಗೊರಸು ಎತ್ತಿ ನೋಡಿ. ಲಾಯದಲ್ಲೇ ನಿಂತಿದ್ದ ಕುದುರೆಯ ಗೊರಸಿನಲ್ಲಿ ಲದ್ದಿ, ಹುಲ್ಲು ಮೆತ್ತಿರುತ್ತದೆ. ಸವಾರಿ ಕಲಿಸುವ ಅರೀನಾದ ಮರಳೋ ಹೊರಗಿನ ಹಾದಿಯ ಮುರುಮೋ ತುಂಬಿದ್ದರೆ ಅದು ಅಲ್ಲಿಗೆ ಹೋಗಿ ಬಂದಿದೆ. ಬಾಯಿಯ ಎರಡೂ ಮೂಲೆ ನೋಡಿ: ಲಗಾಮು ಜಗ್ಗುವ ಹೊಸಬರು ಕೂತಿದ್ದರೆ ಅಲ್ಲಿ ಕೆಂಪಗೆ ಕಿತ್ತಿರುತ್ತದೆ. ಬೆನ್ನುಮೂಳೆಯ ಎರಡೂ ಬದಿ ಬೆರಳ ತುದಿಯಿಂದ ಒತ್ತುತ್ತಾ ಹೋಗಿ. ನೋವಿದ್ದರೆ ಬೆನ್ನು ತಗ್ಗಿಸುತ್ತದೆ, ಕಿವಿ ಹಿಂದಕ್ಕೆ ಹೋಗುತ್ತದೆ. ಮುಂಗಾಲುಗಳೆರಡನ್ನೂ ಒಟ್ಟಿಗೆ ಮುಟ್ಟಿ ಬಿಸಿಯನ್ನು ಹೋಲಿಸಿ. ಸುಮ್ಮನೆ ನಿಂತ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44ರ ಒಳಗಿರಬೇಕು. ಇಡೀ ದಿನ ನಿಂತೇ ಇತ್ತು ಎಂದು ಹೇಳುವ ಕುದುರೆಯದ್ದು 60 ಬಡಿಯುತ್ತಿದ್ದರೆ ಓಡಿ ಬಂದಿರಬೇಕು, ಇಲ್ಲ ಎಲ್ಲೋ ನೋವಿರಬೇಕು. ಎರಡಕ್ಕೂ ಡಾಕ್ಟರಿಗೆ ಫೋನು ಮಾಡುವುದೇ ಸರಿ.

ಬಿಳಿ ಕುದುರೆ ಇರುವವರಿಗೆ ಇನ್ನೊಂದು ಮಾತು. ಮದುವೆ ಸೀಸನ್ನಿನಲ್ಲಿ ಪುಣೆಯಲ್ಲಿ ಬಿಳಿ ಕುದುರೆಗೆ ಬೇಡಿಕೆ ಜಾಸ್ತಿ. ಜೂಲಿನಲ್ಲಿ ಜರಿಯ ಚೂರು, ಚೆಂಡುಹೂವಿನ ಎಸಳು ಸಿಕ್ಕರೆ, ಡೋಲಿನ ಸದ್ದಿಗೆ ಹಿಂದೆಂದೂ ಇಲ್ಲದ ಹಾಗೆ ಬೆಚ್ಚಿದರೆ, ಅದು ವರನನ್ನು ಹೊತ್ತು ರಸ್ತೆಯಲ್ಲಿ ನಿಂತಿರುವ ಸಾಧ್ಯತೆ ಇದೆ.

ಸಾಕ್ಷಿ ಕೂಡಿಸಿ

ಕಂಡದ್ದನ್ನೆಲ್ಲ ಆಗಲೇ ಫೋಟೋ ತೆಗೆಯಿರಿ, ಒಂದರಲ್ಲಾದರೂ ಕುದುರೆಯ ಮುಖ ಮತ್ತು ಗುರುತಿನ ಮಚ್ಚೆ ಇರಲಿ. ಜೀನಿಗೂ ಗುರುತು ಮಾಡಿಡಿ. ಕಾಲಿಡುವ ರಿಕಾಬಿನ ಪಟ್ಟಿ ಎಷ್ಟನೇ ತೂತಿನಲ್ಲಿದೆ ಎಂದು ಬರೆದಿಟ್ಟುಕೊಳ್ಳಿ. ಬೇರೆ ಎತ್ತರದವರು ಕೂತರೆ ಅದು ಬದಲಾಗದೆ ಇರದು. ಚರ್ಮದ ಬಣ್ಣದ್ದೇ ಹೊಲಿಗೆ ದಾರವನ್ನು ತಂಗಿನ ಬಕ್ಕಲಿಗೆ ಸುತ್ತಿ ಬನ್ನಿ. ಜೀನು ಬಳಸಿದ್ದರೆ ದಾರ ಹರಿದಿರುತ್ತದೆ.

ಜೀನನ್ನು ಮನೆಗೆ ಒಯ್ದರೆ ಮುಗಿಯಿತು ಎಂದು ಹಲವರು ಹೇಳುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಏರಬೇಕು ಎಂದುಕೊಂಡವರು ಶಾಲೆಯ ಜೀನನ್ನೇ ಹೇರುತ್ತಾರೆ. ರೇಸಿನ ಕುದುರೆಗಳಿಗೆ ಜೂಲು ಮುಗಿಯುವಲ್ಲಿ ಮೂಳೆ ಎತ್ತರ. ಅಳತೆಗೆ ಹೊಂದದ ಜೀನು ಅಲ್ಲೇ ಒತ್ತಿ ಹುಣ್ಣು ಮಾಡುತ್ತದೆ, ಗಾಯ ಮಾಯ್ದ ಮೇಲೆ ಆ ಜಾಗದಲ್ಲಿ ಬೆಳ್ಳನೆ ಕೂದಲು ಹುಟ್ಟುತ್ತದೆ. ಜೀನು ಒಯ್ಯುವುದಿದ್ದರೆ ಒಯ್ಯಿರಿ, ಆದರೆ ಕುದುರೆಗೆ ಕಾವಲಾಯಿತು ಎಂದುಕೊಳ್ಳಬೇಡಿ.

ಅತಿ ಗಟ್ಟಿ ಸಾಕ್ಷಿ ಎಷ್ಟೋ ಸಲ ಲಾಯದವರ ಇನ್‌ಸ್ಟಾಗ್ರಾಂನಲ್ಲೇ ಇರುತ್ತದೆ. ವಾರಾಂತ್ಯದ ಕ್ಲಾಸಿನ ಫೋಟೋಗಳನ್ನು ಅವರೇ ಹಾಕುತ್ತಾರೆ. ಹಣೆಯ ಬಿಳಿ ಪಟ್ಟೆ, ಯಾವ ಕಾಲಿಗೆ ಬಿಳಿ ಎಷ್ಟು ಮೇಲಿನವರೆಗೆ ಇದೆ, ಇವನ್ನು ನೋಡಿದರೆ ನಿಮ್ಮ ಕುದುರೆ ನಿಮಗೆ ಗುರುತು ಸಿಕ್ಕೇ ಸಿಗುತ್ತದೆ. ತಾರೀಖು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಯಾರಿಗೂ ಹೇಳಬೇಡಿ. ಕೇಳಿದರೆ ಅಳಿಸಿಬಿಡುತ್ತಾರೆ.

ಕಲಿಯಲು ಬಂದ ಮಕ್ಕಳು, ಅವರ ತಂದೆತಾಯಿಯ ಮೇಲೆ ರೇಗಬೇಡಿ. ಫೀಸು ಕಟ್ಟಿದ್ದಾರೆ, ಕೊಟ್ಟ ಕುದುರೆ ಏರಿದ್ದಾರೆ. ಸಮಾಧಾನದಿಂದ ಮಾತಾಡಿಸಿದರೆ ಯಾವ ದಿನ, ಎಷ್ಟು ಹೊತ್ತು, ಎಷ್ಟು ದುಡ್ಡು ಎಂದು ಅವರೇ ಹೇಳುತ್ತಾರೆ.

ಸೈಸನನ್ನು ಬಲಿ ಕೊಡಬೇಡಿ

ಇಡೀ ಬರಹದಲ್ಲಿ ನನಗೆ ಬಹಳ ಮುಖ್ಯವಾದ ಮಾತು ಇದು. ಜೀನು ಹಾಕುವವನು ಸೈಸ, ಹಾಕು ಎಂದು ಹೇಳುವವರು ಬೇರೆ. ಆ ಲಾಯದ ಸೈಸ ವಿಜಯಪುರದ ಕಡೆಯವರು, ನನಗಿಂತ ಹಿರಿಯರು. ನಾನು "ಯಾರು ಏರಿದ್ರು?" ಎಂದು ಕೇಳಲಿಲ್ಲ. "ಕಾಕಾ, ತಂಗಿನ ಕೆಳಗ ಬೆವರು ಹಂಗs ಒಣಗೇತಲ್ರಿ, ಮಾಲೀಶ್ ಯಾವಾಗ ಆತು?" ಎಂದೆ. ಅವರು ಸ್ವಲ್ಪ ಹೊತ್ತು ಬಕೆಟ್ಟಿನ ಕಡೆ ನೋಡುತ್ತಾ ನಿಂತು, "ಬಾಯಾರ, ನೀವು ಸಾಹೇಬ್ರನ್ನs ಕೇಳ್ರಿ. ನಾ ಹೇಳಿದೆ ಅಂತ ಮಾತ್ರ ಅನಬ್ಯಾಡ್ರಿ" ಎಂದರು. ನನಗೆ ಬೇಕಿದ್ದದ್ದು ಅಷ್ಟರಲ್ಲೇ ಸಿಕ್ಕಿತು.

ಆತನಿಗೆ ಕೆಲಸ ಹೋದರೆ ಇರುವ ಖೋಲಿಯೂ ಹೋಗುತ್ತದೆ, ಏಕೆಂದರೆ ಮಲಗುವುದು ಲಾಯದ ಹಿಂದೆಯೇ. ಮ್ಯಾನೇಜರಿಗೆ ಕಳಿಸುವ ಸಂದೇಶದಲ್ಲಿ ಸೈಸನ ಹೆಸರಾಗಲಿ, ಅವನು ಆಡಿದ ಮಾತಾಗಲಿ ಎಲ್ಲೂ ಬರಬಾರದು. ಇದು ಬರೀ ದಯೆಯ ಮಾತಲ್ಲ: ನೀವಿಲ್ಲದಾಗ ನಿಮ್ಮ ಕುದುರೆಗೆ ಹೊಟ್ಟೆನೋವು ಬಂದರೆ ರಾತ್ರಿ ಎರಡಕ್ಕೆ ಫೋನು ಮಾಡುವವನು ಅವನೇ.

ಮ್ಯಾನೇಜರ ಜೊತೆ ಮಾತು

ಮೊದಲು ವಾಟ್ಸ್ಯಾಪಿನಲ್ಲಿ ಬರೆಯಿರಿ, ಮಾತು ಆಮೇಲೆ. ಬರೆಯುವಾಗ "ನೀವು ಕಳ್ಳತನ ಮಾಡಿದ್ದೀರಿ" ಎಂದೆಲ್ಲ ಬೇಡ. ಇಂಥ ದಿನ ಇಷ್ಟು ಗಂಟೆಗೆ ಬಂದೆ, ಇದನ್ನು ಕಂಡೆ, ಫೋಟೋ ಇದೆ, ವೈದ್ಯರು ವಿಶ್ರಾಂತಿ ಹೇಳಿದ ಚೀಟಿ ಇಂಥ ದಿನ ಕೊಟ್ಟಿದ್ದೇನೆ. ಯಾರು ಏರಿದರು, ಯಾರ ಅನುಮತಿಯಿಂದ? ಇಷ್ಟೇ. ಲಾಯದವರಿಗೆ ಹಿಂದಿಯೋ ಮರಾಠಿಯೋ ಸಲೀಸು ಎಂದಾದರೆ ಅದರಲ್ಲೇ ಬರೆಯಿರಿ.

"ಓಡಿಸದೆ ಬಿಟ್ಟರೆ ಕಾಲು ಹಿಡಿದುಕೊಳ್ಳುತ್ತೆ ಮ್ಯಾಡಂ, ಎಕ್ಸರ್‌ಸೈಜ್ ಮಾಡಿಸಿದ್ವಿ" ಎಂಬ ಉತ್ತರ ಬಂದೇ ಬರುತ್ತದೆ. ಅದರಲ್ಲಿ ಅರ್ಧ ನಿಜವಿದೆ, ಅದಕ್ಕೇ ತಯಾರಾಗಿರಬೇಕು. ಕುದುರೆಗೆ ಚಲನೆ ಬೇಕು. ಹಲವು ದಿನ ನಿಲ್ಲಿಸಿ, ಕಡಲೆ, ಜವೆ ಮೊದಲಿನಷ್ಟೇ ತಿನ್ನಿಸಿ, ಆಮೇಲೆ ಒಮ್ಮೆಲೇ ಓಡಿಸಿದರೆ ಮಾಂಸಖಂಡ ಬಿಗಿದು ಹೆಜ್ಜೆ ಎತ್ತಲಾರದೆ ನಿಲ್ಲುತ್ತದೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಭಾನುವಾರದ ರಜೆಯ ಮರುದಿನ ಕೆಲಸದ ಕುದುರೆಗಳಿಗೆ ಹೀಗಾಗುತ್ತಿದ್ದುದರಿಂದ ಇದನ್ನು ಸೋಮವಾರ ಬೆಳಗಿನ ಕಾಯಿಲೆ ಎನ್ನುತ್ತಿದ್ದರು. ಹಾಗಾಗಿ ವಾರಪೂರ್ತಿ ನಿಂತ ಕುದುರೆಯನ್ನು ಶನಿವಾರ ಒಬ್ಬರಾದ ಮೇಲೊಬ್ಬರಿಗೆ ಕೊಡುವುದು ವ್ಯಾಯಾಮವಲ್ಲ, ಅದರ ವಿರುದ್ಧ. "ವ್ಯಾಯಾಮ ಬೇಕಿದ್ದರೆ ಕೈಯಲ್ಲಿ ಹಿಡಿದು ನಡೆಸಿ, ಅದಕ್ಕೆ ಬೇರೆ ದುಡ್ಡು ಕೊಡುತ್ತೇನೆ" ಎಂದು ನೀವೇ ಮುಂದಾಗಿ ಹೇಳಿದರೆ ಆ ವಾದಕ್ಕೆ ಮುಂದೆ ದಾರಿ ಇರುವುದಿಲ್ಲ.

ಕಾನೂನು ಏನು ಹೇಳುತ್ತದೆ

1872ರ ಭಾರತೀಯ ಕರಾರು ಕಾಯಿದೆ ಈ ವಿಷಯದಲ್ಲಿ ನಮ್ಮ ಪರ ಇದೆ. ಒಂದು ಕೆಲಸಕ್ಕೆಂದು ವಸ್ತುವನ್ನು ಇನ್ನೊಬ್ಬರ ವಶಕ್ಕೆ ಕೊಟ್ಟಾಗ, ಸಾಮಾನ್ಯ ವಿವೇಕವುಳ್ಳ ಯಾರೇ ಆದರೂ ತಮ್ಮ ಸ್ವಂತದ್ದನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ಅವರು ಅದನ್ನು ನೋಡಿಕೊಳ್ಳಬೇಕು ಎನ್ನುತ್ತದೆ 151ನೇ ಕಲಮು. ಷರತ್ತಿಗೆ ಹೊರತಾಗಿ ಬಳಸಿದರೆ, ಆ ಬಳಕೆಯಲ್ಲಾದ ಹಾನಿಗೆ ಪರಿಹಾರ ಕೊಡಬೇಕು ಎನ್ನುತ್ತದೆ 154. ಕಾಯಿದೆ ಬರೆದವರು ಅದಕ್ಕೆ ಕೊಟ್ಟ ಉದಾಹರಣೆಯೇ ಕುದುರೆಯದು: ತಾನೊಬ್ಬನೇ ಸವಾರಿ ಮಾಡಲೆಂದು ಪಡೆದ ಕುದುರೆಯನ್ನು ಒಬ್ಬ ತನ್ನ ಮನೆಯವರಿಗೆ ಏರಲು ಕೊಡುತ್ತಾನೆ. ಏರಿದವರು ಜೋಪಾನವಾಗಿಯೇ ಸವಾರಿ ಮಾಡಿದರೂ ಕುದುರೆ ಆಕಸ್ಮಿಕವಾಗಿ ಬಿದ್ದು ಗಾಯವಾಗುತ್ತದೆ. ಆಗಲೂ ಪರಿಹಾರ ಕೊಡಬೇಕಾದವನು ಪಡೆದವನೇ. "ಬಹಳ ಅನುಭವಿ ಸವಾರರೇ ಏರಿದ್ದು" ಎಂದವರಿಗೆ ನಾನು ಈ ಉದಾಹರಣೆಯನ್ನು ಮೊಬೈಲಿನಲ್ಲಿ ತೆಗೆದು ತೋರಿಸಿದೆ. ಅಲ್ಲಿಂದ ಮುಂದೆ ಮಾತಿನ ಧಾಟಿ ಬದಲಾಯಿತು.

ಗಾಯವಿರುವ, ಅಶಕ್ತ ಪ್ರಾಣಿಯಿಂದ ಕೆಲಸ ತೆಗೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಕಲಮಿನಡಿ ಅಪರಾಧ. ಆದರೆ ಮೊದಲ ಸಲದ ದಂಡ ಅದರಲ್ಲಿ 10ರಿಂದ 50 ರೂಪಾಯಿ ಮಾತ್ರ, ಯಾರೂ ಹೆದರುವ ಮೊತ್ತವಲ್ಲ. ದುಡ್ಡು ಕಟ್ಟಿ ಪಡೆದ ಸೇವೆಯಲ್ಲಿ ಲೋಪ ಎಂದು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದು ಹೆಚ್ಚು ಉಪಯೋಗದ ದಾರಿ; ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಎಲ್ಲಿಗೇ ಹೋದರೂ ಪಶುವೈದ್ಯರ ಬರಹ ಬೇಕು. ಗಾಯ ಕಂಡ ದಿನವೇ ಕರೆಸಿ, ತಾರೀಖು ಹಾಕಿ ಬರೆಸಿಕೊಳ್ಳಿ, ಬಿಲ್ಲು ಎತ್ತಿಡಿ.

ಕರಾರು ಬರೆಯಿರಿ

ಬಾಯಿಮಾತಿನ ಒಪ್ಪಂದದಲ್ಲಿ ಕುದುರೆ ಇಟ್ಟವರು ಇಂದೇ ಒಂದು ಹಾಳೆ ಬರೆಸಿ ಸಹಿ ಹಾಕಿಸಿಕೊಳ್ಳಿ. ನನ್ನದರಲ್ಲಿ ಇರುವುದು ಹೀಗೆ: "ಮಾಲೀಕರು ಮತ್ತು ಅವರು ಬರಹದಲ್ಲಿ ಹೆಸರಿಸಿದವರ ಹೊರತು ಬೇರೆ ಯಾರೂ ಈ ಕುದುರೆಯನ್ನು ಏರತಕ್ಕದ್ದಲ್ಲ. ತರಗತಿ, ಬಾಡಿಗೆ, ಮೆರವಣಿಗೆ, ಫೋಟೋ ಶೂಟ್, ಪ್ರದರ್ಶನ ಯಾವುದಕ್ಕೂ ಬಳಸತಕ್ಕದ್ದಲ್ಲ. ಲಾಯದ ಮಾಲೀಕರ ಕುಟುಂಬದವರಿಗೂ, ತರಬೇತುದಾರರಿಗೂ ಇದು ಅನ್ವಯಿಸುತ್ತದೆ. ಮೀರಿದರೆ ಚಿಕಿತ್ಸೆಯ ಪೂರ್ತಿ ಖರ್ಚು ಲಾಯದ್ದು, ಮಾಲೀಕರು ನೋಟಿಸ್ ಅವಧಿ ಇಲ್ಲದೆ ಕುದುರೆಯನ್ನು ಒಯ್ಯಬಹುದು." ಕುಟುಂಬದವರು, ತರಬೇತುದಾರರು ಎಂಬ ಸಾಲನ್ನು ಬಿಡಲೇಬೇಡಿ, ಏರುವವರು ಹೆಚ್ಚಾಗಿ ಅವರೇ. ಅದೇ ಒಕ್ಕಣೆಯ ಚಿಕ್ಕ ಬೋರ್ಡನ್ನು ಕುದುರೆಯ ಬಾಗಿಲಿಗೂ ಹಾಕಿಸಿ, ಹಿಂದಿಯಲ್ಲಿ, ಮರಾಠಿಯಲ್ಲಿ. "ಇದು ಬರೆದಿದೆ, ನಾನು ಜೀನು ಹಾಕಲಾರೆ" ಎನ್ನಲು ಸೈಸನಿಗೆ ಅದೊಂದು ಆಸರೆ.

ತಿಂಗಳ ಖರ್ಚು ಭಾರವಾಗಿ, ಕ್ಲಾಸಿಗೆ ಕೊಟ್ಟು ಬಾಡಿಗೆ ಇಳಿಸಿಕೊಳ್ಳುವವರೂ ಇದ್ದಾರೆ. ಅದರಲ್ಲಿ ತಪ್ಪಿಲ್ಲ. ವಾರಕ್ಕೆ ಯಾವ ದಿನ, ಎಷ್ಟು ಹೊತ್ತು, ಯಾವ ಮಟ್ಟದ ಸವಾರ, ಎಷ್ಟು ತೂಕದವರು ಎಂದು ಬರೆಯಿರಿ. ಸವಾರ, ಜೀನು ಎಲ್ಲ ಸೇರಿ ಕುದುರೆಯ ತೂಕದ ಶೇ 20 ಮೀರಬಾರದು ಎಂಬುದು ಸಾಮಾನ್ಯ ಲೆಕ್ಕ. 450 ಕಿಲೋ ಕುದುರೆಗೆ 90 ಕಿಲೋ.

ಬಿಡುವುದೇ ಲೇಸು ಎನ್ನಿಸಿದರೆ

ಒಮ್ಮೆ ಹೇಳಿ ಬರೆಸಿಕೊಂಡ ಮೇಲೂ ನಡೆದರೆ ಅಲ್ಲಿ ಇರಬೇಡಿ. ನಾನು ತುಂಗಾಳನ್ನು ಕರೆದುಕೊಂಡು ಬಂದೆ. ಹೊರಡುವುದನ್ನು ಮುಂಚೆ ಸಾರಬೇಡಿ. ಹೊಸ ಜಾಗ ಗೊತ್ತಾದ ಮೇಲೆ ಬಾಕಿ ಪೂರ್ತಿ ಕಟ್ಟಿ ರಸೀದಿ ತೆಗೆದುಕೊಳ್ಳಿ, ಬಾಕಿಯ ನೆಪದಲ್ಲೇ ಕುದುರೆಯನ್ನು ತಡೆಯುತ್ತಾರೆ. ಲಸಿಕೆಯ ಕಾಗದ, ಗ್ಲ್ಯಾಂಡರ್ಸ್ ಎಂಬ ಅಂಟುರೋಗದ ರಕ್ತಪರೀಕ್ಷೆಯ ವರದಿ, ಜೀನು, ಕಡಿವಾಣ ಎಲ್ಲ ಎಣಿಸಿ ತೆಗೆದುಕೊಳ್ಳಿ. ಜೊತೆಗೆ ಕುದುರೆ ಬಲ್ಲ ಒಬ್ಬರಿರಲಿ, ಬಿಸಿಲೇರುವ ಮುಂಚೆ ಗಾಡಿ ಹತ್ತಿಸಿ. ಹಳೆಯ ಲಾಯದ ಮೇವು, ದಾಣಿಯನ್ನು ಒಂದೆರಡು ಚೀಲ ಕೊಂಡು ತನ್ನಿ. ಹೊಸದನ್ನು ಅದಕ್ಕೆ ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ 7ರಿಂದ 10 ದಿನದಲ್ಲಿ ಪೂರ್ತಿ ಬದಲಿಸಿ. ಒಮ್ಮೆಲೇ ಬದಲಿಸಿದರೆ ಹೊಟ್ಟೆನೋವು ಹಿಡಿಯುತ್ತದೆ.