ಹಳೆ ಮದರ್‌ಬೋರ್ಡ್‌ನಲ್ಲಿ ಎನ್‌ವಿಎಂಇ ಎಸ್‌ಎಸ್‌ಡಿಯಿಂದ ಬೂಟ್ ಮಾಡಿಸುವುದು ಹೇಗೆ

ಹಳೆ ಡೆಸ್ಕ್‌ಟಾಪ್‌ಗೆ ಹೊಸ ಎನ್‌ವಿಎಂಇ ಎಸ್‌ಎಸ್‌ಡಿ, ಅಂದರೆ ಪಿಸಿಐ ಎಕ್ಸ್‌ಪ್ರೆಸ್ ಮೂಲಕ ಕೆಲಸ ಮಾಡುವ ವೇಗದ ಡ್ರೈವ್ ಹಾಕಿದ್ದೀರಿ. ವಿಂಡೋಸ್ ಒಳಗೆ ಡ್ರೈವ್ ಕಾಣುತ್ತದೆ, ಫೈಲ್ ಕಾಪಿ ಆಗುತ್ತದೆ, ವೇಗವೂ ಚೆನ್ನಾಗಿದೆ. ಆದರೆ ಬಯಾಸ್‌ನ (ಮಶೀನ್ ಆನ್ ಮಾಡಿದಾಗ ಮೊದಲು ಓಡುವ, ಬೋರ್ಡ್‌ನ ಚಿಪ್‌ನಲ್ಲಿರುವ ಸಾಫ್ಟ್‌ವೇರ್) ಬೂಟ್ ಪಟ್ಟಿಯಲ್ಲಿ ಮಾತ್ರ ಅದರ ಸುಳಿವೇ ಇಲ್ಲ. ಎಸ್‌ಎಸ್‌ಡಿ ಕೆಟ್ಟಿದೆ ಅಂದುಕೊಂಡು ವಾಪಸ್ ಕೊಡಬೇಡಿ. ತೊಂದರೆ ಇರುವುದು ಬೋರ್ಡ್‌ನ ಬಯಾಸ್‌ನಲ್ಲಿ, ಅದರಲ್ಲಿ ಎನ್‌ವಿಎಂಇ ಡ್ರೈವರ್ ಇಲ್ಲ.

ಎನ್‌ವಿಎಂಇಯ ಮೊದಲ ಆವೃತ್ತಿ ಹೊರಬಂದದ್ದು 2011ರ ಮಾರ್ಚ್‌ನಲ್ಲಿ. ಇಂಟೆಲ್‌ನ 6 ಸರಣಿಯ ಚಿಪ್‌ಸೆಟ್ ಬಂದದ್ದೂ ಅದೇ ವರ್ಷ, 7 ಸರಣಿ 2012ರಲ್ಲಿ, 8 ಸರಣಿ 2013ರಲ್ಲಿ. ಈ ಬೋರ್ಡ್‌ಗಳು ತಯಾರಾದಾಗ ಮನೆಯ ಕಂಪ್ಯೂಟರ್‌ನಲ್ಲಿ ಇಂಥ ಡ್ರೈವ್ ಯಾರ ಹತ್ತಿರವೂ ಇರಲಿಲ್ಲ. ಹಾಗಾಗಿ ಕಂಪನಿಗಳು ಡ್ರೈವರ್ ಹಾಕಲಿಲ್ಲ, ಆಮೇಲೆ ಹೆಚ್ಚಿನವು ಅಪ್‌ಡೇಟ್ ಕೊಡುವುದನ್ನೂ ನಿಲ್ಲಿಸಿದವು. ಒಳ್ಳೆಯ ಸುದ್ದಿ ಏನಂದರೆ, ಈ ಕಾಲದ ಬಯಾಸ್ ಹೆಚ್ಚಾಗಿ ಯುಇಎಫ್‌ಐ ಅನ್ನುವ ಹೊಸ ಮಾದರಿಯದು. ಅದರೊಳಗೆ ಸಾಟಾಗೆ ಒಂದು ಡ್ರೈವರ್, ಯುಎಸ್‌ಬಿಗೆ ಒಂದು, ನೆಟ್‌ವರ್ಕ್‌ಗೆ ಒಂದು, ಹೀಗೆ ಸಣ್ಣ ಸಣ್ಣ ಮಾಡ್ಯೂಲ್‌ಗಳನ್ನು ಪೇರಿಸಿಟ್ಟಿರುತ್ತಾರೆ. ನಾವು ಮಾಡಬೇಕಾದದ್ದು ಆ ಸಾಲಿಗೆ ಇನ್ನೊಂದು ಸೇರಿಸುವುದು. ಸೇರಿಸುವ ಕೆಲಸ ಐದು ನಿಮಿಷದ್ದು. ಅದರ ಹಿಂದಿನ ಬ್ಯಾಕಪ್, ಅದರ ಮುಂದಿನ ಪರೀಕ್ಷೆ, ಇವೆರಡಕ್ಕೆ ಒಂದು ಸಂಜೆ ಇಟ್ಟುಕೊಳ್ಳಿ.

ಶುರು ಮಾಡುವ ಮುಂಚೆ ಮೂರು ವಿಷಯ ನೋಡಿಕೊಳ್ಳಿ. ನಿಮ್ಮದು ಯುಇಎಫ್‌ಐ ಬೋರ್ಡೇ ಆಗಿರಬೇಕು. ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಹೆಸರಿನ ಮುಂದೆ ಯುಇಎಫ್‌ಐ ಅಂತ ಬಂದರೆ ಸರಿ. ಅದಕ್ಕಿಂತ ಹಳೆಯ ಲೆಗಸಿ ಬಯಾಸ್ ಆದರೆ ಈ ದಾರಿ ನಡೆಯುವುದಿಲ್ಲ, ಕೊನೆಯಲ್ಲಿ ಬೇರೆ ದಾರಿ ಹೇಳಿದ್ದೇನೆ. ಎರಡನೆಯದು, ಇಂಟೆಲ್ 4ನೇ ತಲೆಮಾರಿನಿಂದ ಈಚೆಗಿನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಬೂಟ್ ಗಾರ್ಡ್ ಅನ್ನುವ, ಬಯಾಸ್ ತಿದ್ದಿದೆಯೇ ಎಂದು ನೋಡುವ ಕಾವಲು ಇರುತ್ತದೆ. ಅದು ಆನ್ ಆಗಿದ್ದರೆ ತಿದ್ದಿದ ಬಯಾಸ್ ಹಾಕಿದ ಮೇಲೆ ಮಶೀನ್ ಏಳುವುದೇ ಇಲ್ಲ, ಅಂಥದ್ದನ್ನು ಮುಟ್ಟಬೇಡಿ. ಮೂರನೆಯದು, ಎಸ್‌ಎಸ್‌ಡಿ ನಿಜವಾಗಿ ಎನ್‌ವಿಎಂಇಯೇ ಅಂತ ಖಚಿತ ಮಾಡಿಕೊಳ್ಳಿ. ಎಂ.2 ಆಕಾರದಲ್ಲೇ ಸಾಟಾ ಎಸ್‌ಎಸ್‌ಡಿಗಳೂ ಬರುತ್ತವೆ, ನೋಡಲು ಹೆಚ್ಚುಕಮ್ಮಿ ಒಂದೇ ಥರ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ಗೆ ಹಾಕುವ ಸಾದಾ ಅಡಾಪ್ಟರ್‌ನಲ್ಲಿ ಸಾಟಾದ್ದು ಕೆಲಸ ಮಾಡುವುದಿಲ್ಲ.

ಅಡಾಪ್ಟರ್ ಅಂದರೆ ಬರೀ ತಂತಿ ದಾರಿ ಮಾಡಿಕೊಡುವ ಒಂದು ಕಾರ್ಡ್. ನಾಲ್ಕು ಲೇನ್‌ನದು (ಲೇನ್ ಅಂದರೆ ಡೇಟಾ ಹರಿಯುವ ಒಂದು ದಾರಿ) ತೆಗೆದುಕೊಳ್ಳಿ. ಪಿಸಿಐ ಎಕ್ಸ್‌ಪ್ರೆಸ್ 2.0ನಲ್ಲಿ ನಾಲ್ಕು ಲೇನ್‌ಗೆ ಸೆಕೆಂಡಿಗೆ ಸುಮಾರು 2 ಜಿಬಿ ಮಿತಿ, 3.0ನಲ್ಲಿ ಸುಮಾರು 3.9 ಜಿಬಿ. ಸಾಟಾ ಎಸ್‌ಎಸ್‌ಡಿ 550 ಎಂಬಿ ಆಸುಪಾಸಿನಲ್ಲೇ ನಿಲ್ಲುತ್ತದೆ, ಅಂದಮೇಲೆ ಹಳೆ ಸ್ಲಾಟ್ ಆದರೂ ಲಾಭವೇ. ಆದರೆ ಒಂದೇ ಲೇನ್‌ನ ಪುಟ್ಟ 2.0 ಸ್ಲಾಟ್‌ಗೆ ಹಾಕಿದರೆ 500 ಎಂಬಿ ಮೀರುವುದಿಲ್ಲ, ಸುಮ್ನೆ ದುಡ್ಡು ದಂಡ.

ಈಗ ಬ್ಯಾಕಪ್. ದಯವಿಟ್ಟು ಇದನ್ನು ಬಿಡಬೇಡಿ. ನಿಮ್ಮ ಚಿಪ್‌ನಲ್ಲಿ ಬಯಾಸ್ ಒಂದೇ ಇರುವುದಿಲ್ಲ. ಎಷ್ಟೋ ಬೋರ್ಡ್‌ಗಳಲ್ಲಿ ನೆಟ್‌ವರ್ಕ್‌ನ ಮ್ಯಾಕ್ ವಿಳಾಸ, ಬೋರ್ಡ್‌ನ ಸೀರಿಯಲ್ ನಂಬರ್, ಬ್ರ್ಯಾಂಡೆಡ್ ಮಶೀನ್ ಆದರೆ ವಿಂಡೋಸ್ ಕೀ ಕೂಡ ಅದರಲ್ಲೇ ಕೂತಿರುತ್ತವೆ. ಬೇರೆಯವರು ತಿದ್ದಿಟ್ಟ ಫೈಲ್ ಸಿಕ್ಕಿತು ಅಂತ ಅದನ್ನು ಹಾಗೇ ಬರೆದರೆ ಇವೆಲ್ಲ ಹೋಗುತ್ತವೆ. ಚಿಪ್‌ನಿಂದಲೇ ಪೂರ್ತಿ ಓದಿಕೊಂಡ ಪ್ರತಿ ನಿಮ್ಮ ಹತ್ತಿರ ಇದ್ದರೆ, ಏನೇ ಎಡವಟ್ಟಾದರೂ ವಾಪಸ್ ಬರಬಹುದು.

ಅದಕ್ಕೆ ಸಿಎಚ್341ಎ ಅನ್ನುವ ಅಗ್ಗದ ಪ್ರೋಗ್ರಾಮರ್, ಅಂದರೆ ಚಿಪ್ ಓದುವ, ಬರೆಯುವ ಸಾಧನ ಸಾಕು. ಹಳೆ ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲಿ ಎಷ್ಟೋ ಸಲ ಚಿಪ್ ಎಂಟು ಕಾಲಿನ ಸಾಕೆಟ್‌ನಲ್ಲಿರುತ್ತದೆ, ಕಿತ್ತು ತೆಗೆಯಬಹುದು. ಲ್ಯಾಪ್‌ಟಾಪ್‌ನಲ್ಲಿ ಬೆಸುಗೆ ಹಾಕಿರುತ್ತಾರೆ, ಆಗ ಕ್ಲಿಪ್ ಬೇಕು. ವಿದ್ಯುತ್ ಕೇಬಲ್ ತೆಗೆಯಿರಿ, ಸೀಮಾಸ್ ಬ್ಯಾಟರಿ (ಬೋರ್ಡ್ ಮೇಲಿನ ನಾಣ್ಯದಂಥದ್ದು) ತೆಗೆಯಿರಿ, ಲ್ಯಾಪ್‌ಟಾಪ್ ಆದರೆ ಅದರ ಬ್ಯಾಟರಿಯನ್ನೂ. ಪವರ್ ಬಟನ್ ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಚಿಪ್‌ನ ಒಂದು ಮೂಲೆಯಲ್ಲಿ ಸಣ್ಣ ಚುಕ್ಕಿ ಇರುತ್ತದೆ, ಅದೇ ಒಂದನೇ ಕಾಲು. ಕ್ಲಿಪ್‌ನ ಕೆಂಪು ತಂತಿ ಆ ಕಡೆಗೇ ಬರಬೇಕು. ಟಾರ್ಚ್ ಓರೆಯಾಗಿ ಹಿಡಿದರೆ ಚುಕ್ಕಿಯೂ ಕಾಣುತ್ತದೆ, ಚಿಪ್ ಮೇಲಿನ ನಂಬರೂ ಓದಲು ಬರುತ್ತದೆ. ನಂಬರ್ ಬರೆದಿಟ್ಟುಕೊಳ್ಳಿ. ವಿನ್‌ಬಾಂಡ್ 25ಕ್ಯು64ಎಫ್‌ವಿ ಆದರೆ 3.3 ವೋಲ್ಟ್, 25ಕ್ಯು64ಎಫ್‌ಡಬ್ಲ್ಯು ಆದರೆ 1.8 ವೋಲ್ಟ್. ಕೊನೆಯ ಒಂದು ಅಕ್ಷರದ ವ್ಯತ್ಯಾಸ, ಆದರೆ 1.8ರ ಚಿಪ್‌ಗೆ ನೇರವಾಗಿ 3.3 ಕೊಟ್ಟರೆ ಅದು ಸುಟ್ಟುಹೋಗಬಹುದು. ಅದಕ್ಕೆ ಬೇರೆ ವೋಲ್ಟೇಜ್ ಅಡಾಪ್ಟರ್ ಬರುತ್ತದೆ. ಇನ್ನೊಂದು ಮಾತು, ಕಪ್ಪು ಬಣ್ಣದ ಸಿಎಚ್341ಎಗಳಲ್ಲಿ ಡೇಟಾ ಕಾಲುಗಳಿಗೆ 5 ವೋಲ್ಟ್ ಬರುವ ದೋಷ ಇರುವಂಥವು ತುಂಬ ಇವೆ. ಮಲ್ಟಿಮೀಟರ್ ಇಟ್ಟು ನೋಡಿಯೇ ಬಳಸಿ.

ಚಿಪ್ಪನ್ನು ಎರಡು ಸಲ ಓದಿ, ಎರಡು ಫೈಲ್ ಮಾಡಿ, ಎರಡರ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಹೋಲಿಸಿ. ಒಂದೇ ಆಗಿದ್ದರೆ ಮಾತ್ರ ಮುಂದೆ ಹೋಗಿ. ಫೈಲ್ ತುಂಬ ಬರೀ ಎಫ್‌ಎಫ್ ಬಂದಿದ್ದರೆ ಕ್ಲಿಪ್ ಸರಿಯಾಗಿ ಕಚ್ಚಿಲ್ಲ ಅಂತ ಅರ್ಥ. ನಾನು ಮೊದಲ ಸಲ ಮಾಡಿದಾಗ ನಾಲ್ಕು ಸಲ ಕ್ಲಿಪ್ ತೆಗೆದು ಹಾಕಬೇಕಾಯಿತು, ಐದನೇ ಸಲ ಹ್ಯಾಶ್ ಸರಿಹೋಯಿತು. ಬೇಸರ ಮಾಡಿಕೊಳ್ಳಬೇಡಿ.

ಇನ್ನು ತಿದ್ದುವ ಕೆಲಸ. ಬಯಾಸ್ ಫೈಲ್ ಬಿಚ್ಚಿ ತೋರಿಸುವ ಯುಇಎಫ್‌ಐ ಟೂಲ್ (UEFITool) ಬೇಕು, 0.28 ಆವೃತ್ತಿ. ಹೆಸರಿನಲ್ಲಿ ಎನ್‌ಇ ಅಂತ ಇರುವ ಹೊಸದರಲ್ಲಿ ನೋಡಲು ಮಾತ್ರ ಬರುತ್ತದೆ, ತಿದ್ದಲು ಬರುವುದಿಲ್ಲ. ಜೊತೆಗೆ ಎನ್‌ವಿಎಂ ಎಕ್ಸ್‌ಪ್ರೆಸ್ ಡಿಎಕ್ಸ್‌ಇ (NvmExpressDxe) ಅನ್ನುವ ಡ್ರೈವರ್ ಮಾಡ್ಯೂಲ್, ಎಫ್‌ಎಫ್‌ಎಸ್ (.ffs) ಫೈಲ್ ರೂಪದಲ್ಲಿ. ಬ್ಯಾಕಪ್ ಫೈಲಿನ ಒಂದು ನಕಲು ಮಾಡಿ ಅದನ್ನು ತೆರೆಯಿರಿ. ಹುಡುಕುವ ಕಿಟಕಿಯಲ್ಲಿ ಟೆಕ್ಸ್ಟ್ ಆಯ್ದು ಡಿಎಕ್ಸ್‌ಇಕೋರ್ (DxeCore) ಅಂತ ಕೊಡಿ. ಕೆಳಗೆ ಬಂದ ಫಲಿತಾಂಶದ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಡ್ರೈವರ್‌ಗಳು ಇರುವ ವಾಲ್ಯೂಮ್ ತೆರೆದುಕೊಳ್ಳುತ್ತದೆ. ಆ ಪಟ್ಟಿಯ ಕೊನೆಗೆ ಹೋಗಿ, ಕೊನೆಯ ಡಿಎಕ್ಸ್‌ಇ ಡ್ರೈವರ್ ಮೇಲೆ ಬಲ ಕ್ಲಿಕ್ ಮಾಡಿ, ಅದರ ನಂತರ ಸೇರಿಸು ಅನ್ನುವ ಆಯ್ಕೆಯಿಂದ ನಮ್ಮ ಮಾಡ್ಯೂಲ್ ಕೊಡಿ. ಇಮೇಜ್ ಸೇವ್ ಮಾಡಿ. ಜಾಗ ಸಾಲದು ಅಂತ ಬೈದರೆ ಇದೇ ಡ್ರೈವರ್‌ನ ಚಿಕ್ಕ ಆವೃತ್ತಿ ಸಿಗುತ್ತದೆ, ಅದನ್ನು ಹಾಕಿ. ಬೇರೆ ಮಾಡ್ಯೂಲ್ ಅಳಿಸಿ ಜಾಗ ಮಾಡಲು ಹೋಗಬೇಡಿ.

ಜಾಸ್ತಿ ಜನ ಎಡವುವುದು ಇಲ್ಲೇ. ಹಳೆ ಫೈಲು, ಹೊಸ ಫೈಲು ಎರಡನ್ನೂ ಎರಡು ಕಿಟಕಿಗಳಲ್ಲಿ ಅಕ್ಕಪಕ್ಕ ತೆರೆದು ಸಾಲು ಸಾಲಾಗಿ ಹೋಲಿಸಿ. ಪ್ಯಾಡ್ ಫೈಲ್ ಅನ್ನುವ ಸಾಲುಗಳು ಕಾಣುತ್ತವೆ, ಅದರಲ್ಲೂ ಖಾಲಿಯಲ್ಲದ್ದು ಅಂತ ಬರೆದಿರುವುವು. ಹೆಸರು ನೋಡಿ ಬೇಡದ ಸಾಮಾನು ಅನ್ನಿಸುತ್ತದೆ, ಅಲ್ವಾ? ಆದರೆ ಕೆಲವು ಬೋರ್ಡ್‌ಗಳಲ್ಲಿ ಬೇಕಾದ ಡೇಟಾ ಅದರಲ್ಲೇ ಇರುತ್ತದೆ. ಸೇವ್ ಮಾಡುವಾಗ ಟೂಲ್ ಅದನ್ನು ಹಾರಿಸಿಬಿಟ್ಟರೆ, ಜಾಗ ಬದಲಿಸಿದರೆ, ಅಥವಾ ಮೊದಲು ಇಲ್ಲದ ಕಡೆ ಹೊಸದೊಂದು ಸೇರಿಸಿದರೆ ಆ ಫೈಲ್ ಬಳಸಬೇಡಿ. ನಾನು ಒಮ್ಮೆ ಇದನ್ನು ನೋಡದೆ ಬರೆದೆ. ಫ್ಯಾನ್ ತಿರುಗಿತು, ಪರದೆ ಕಪ್ಪಗೇ ಉಳಿಯಿತು. ಬ್ಯಾಕಪ್ ಇದ್ದದ್ದರಿಂದ ಹತ್ತು ನಿಮಿಷದಲ್ಲಿ ಮೊದಲಿನಂತಾಯಿತು. ಹೀಗಾದರೆ ಬಯಾಸ್ ತಯಾರಿಸುವ ಎಎಂಐ ಕಂಪನಿಯ ಎಂಎಂಟೂಲ್‌ನಲ್ಲಿ ಸೇರಿಸಿ ನೋಡಿ, ಆ ಕಂಪನಿಯ ಆಪ್ಟಿಯೋ 4 ಬಯಾಸ್‌ಗೆ 4.50 ಆವೃತ್ತಿ. ಅದರಲ್ಲಿ ಮಾಡಿದ್ದನ್ನೂ ಯುಇಎಫ್‌ಐ ಟೂಲ್‌ನಲ್ಲಿ ತೆರೆದು ಇದೇ ಥರ ಹೋಲಿಸಿ.

ಗಾತ್ರವನ್ನೂ ನೋಡಿ. 8 ಎಂಬಿ ಚಿಪ್ ಅಂದರೆ ಸರಿಯಾಗಿ 83,88,608 ಬೈಟ್. ತಯಾರಕರ ಫೈಲ್ ತಂದು ತಿದ್ದಿದ್ದು, ಅದು 83,90,656 ಬೈಟ್ ಇದ್ದರೆ ಮುಂದುಗಡೆ 2,048 ಬೈಟ್ ಕ್ಯಾಪ್ಸೂಲ್ ಹೆಡರ್ (ಅಪ್‌ಡೇಟ್ ಟೂಲ್‌ಗಾಗಿ ಇಟ್ಟ ತಲೆಭಾಗ) ಇದೆ ಅಂತ ಲೆಕ್ಕ. ಪ್ರೋಗ್ರಾಮರ್‌ನಿಂದ ಬರೆಯುವಾಗ ಅದು ಇರಬಾರದು. ಚಿಪ್‌ನಿಂದ ಓದಿದ್ದನ್ನೇ ತಿದ್ದಿದರೆ ಈ ತಲೆನೋವೇ ಇಲ್ಲ.

ಬರೆಯುವುದಕ್ಕೂ ಪ್ರೋಗ್ರಾಮರೇ ಒಳ್ಳೆಯದು. ಬಯಾಸ್ ಒಳಗಿನ ಅಪ್‌ಡೇಟ್ ಮೆನು ಎಷ್ಟೋ ಬೋರ್ಡ್‌ಗಳಲ್ಲಿ ಸಹಿ ಹೊಂದುತ್ತಿಲ್ಲ ಅಂತ ತಿದ್ದಿದ ಫೈಲನ್ನು ತಿರಸ್ಕರಿಸುತ್ತದೆ. ಬರೆದ ಮೇಲೆ ವೆರಿಫೈ ಮಾಡಿ, ಆಮೇಲೆ ಕ್ಲಿಪ್ ತೆಗೆಯಿರಿ.

ಮಶೀನ್ ಎದ್ದಿತಾ? ಈಗ ಬಯಾಸ್‌ಗೆ ಹೋಗಿ ಸಿಎಸ್‌ಎಂ (ಹಳೆ ಲೆಗಸಿ ರೀತಿಯಲ್ಲಿ ಬೂಟ್ ಮಾಡಿಸುವ ವ್ಯವಸ್ಥೆ) ಆಫ್ ಮಾಡಿ. ಸೆಕ್ಯೂರ್ ಬೂಟ್ ಇದ್ದರೆ ಅದನ್ನೂ ಸದ್ಯಕ್ಕೆ ಆಫ್ ಮಾಡಿ. ಹಳೆ ಬೋರ್ಡ್‌ಗಳಲ್ಲಿ ಡ್ರೈವ್ ತನ್ನ ಹೆಸರಿನಲ್ಲಿ ಬರದೆ ಪಾಟಾ ಎಸ್‌ಎಸ್ (PATA SS) ಅಂತ ಕಾಣಿಸಬಹುದು. ಗಾಬರಿ ಬೇಡ, ಅದೇ ನಿಮ್ಮ ಎನ್‌ವಿಎಂಇ. ವಿಂಡೋಸ್ ಹೊಸದಾಗಿ ಹಾಕುವಾಗ ಉಳಿದ ಸಾಟಾ ಡ್ರೈವ್‌ಗಳ ಕೇಬಲ್ ಬಿಚ್ಚಿಡಿ. ಇಲ್ಲದಿದ್ದರೆ ಬೂಟ್‌ಲೋಡರ್ ಹಳೆ ಡಿಸ್ಕ್‌ನಲ್ಲಿ ಕೂತು, ಮುಂದೆ ಅದನ್ನು ತೆಗೆದ ದಿನ ಏನೂ ಏಳುವುದಿಲ್ಲ. ಪೆನ್‌ಡ್ರೈವ್ ಯುಇಎಫ್‌ಐ ರೀತಿಯಲ್ಲಿ ಬೂಟ್ ಆಗಬೇಕು, ಎಸ್‌ಎಸ್‌ಡಿಯ ಪಾರ್ಟಿಷನ್ ಪಟ್ಟಿ ಹೊಸ ಜಿಪಿಟಿ ರೀತಿಯದಾಗಿರಬೇಕು. ವಿಂಡೋಸ್ 8.1ರಿಂದ ಎನ್‌ವಿಎಂಇ ಡ್ರೈವರ್ ಜೊತೆಗೇ ಬರುತ್ತದೆ. ವಿಂಡೋಸ್ 7ಕ್ಕೆ ಪ್ಯಾಚ್ ಸೇರಿಸಬೇಕು. ಹಳೆ ಎಂಬಿಆರ್ ರೀತಿಯ ಪಾರ್ಟಿಷನ್ ಪಟ್ಟಿ ಇರುವ ಡಿಸ್ಕ್‌ನಿಂದ ಕ್ಲೋನ್ ಮಾಡಿದ್ದರೆ, ಅದನ್ನು ಜಿಪಿಟಿಗೆ ಬದಲಿಸಲು ವಿಂಡೋಸ್ 10ರ 1703 ಆವೃತ್ತಿಯಿಂದ ಇರುವ ಎಂಬಿಆರ್2ಜಿಪಿಟಿ ಬಳಸಿ.

ಬಯಾಸ್ ಮುಟ್ಟಲು ಧೈರ್ಯ ಬಾರದಿದ್ದರೆ, ಅಥವಾ ನಿಮ್ಮದು ಲೆಗಸಿ ಬಯಾಸ್ ಆದರೆ, ಒಂದು ಪೆನ್‌ಡ್ರೈವ್‌ಗೆ ಕ್ಲೋವರ್ ಬೂಟ್‌ಲೋಡರ್ ಹಾಕಿ, ಅದರ ಡ್ರೈವರ್ ಫೋಲ್ಡರ್‌ನಲ್ಲಿ ಎನ್‌ವಿಎಂಇ ಡ್ರೈವರ್ ಇಡಿ. ಮಶೀನ್ ಪೆನ್‌ಡ್ರೈವ್‌ನಿಂದ ಎದ್ದು ಅಲ್ಲಿಂದ ಎಸ್‌ಎಸ್‌ಡಿಗೆ ದಾಟುತ್ತದೆ. ಲಿನಕ್ಸ್ ಬಳಸುವವರಿಗೆ ಇನ್ನೂ ಸುಲಭ. ಬೂಟ್ ಭಾಗವನ್ನು ಸಣ್ಣ ಸಾಟಾ ಡ್ರೈವ್‌ನಲ್ಲಿ ಇಟ್ಟು ಉಳಿದದ್ದೆಲ್ಲ ಎನ್‌ವಿಎಂಇಗೆ ಹಾಕಿ. ಕರ್ನೆಲ್ 3.3ರಿಂದಲೇ ಡ್ರೈವರ್ ಇದೆ.

ಮುಂದೆ ಯಾವತ್ತಾದರೂ ತಯಾರಕರ ಬಯಾಸ್ ಅಪ್‌ಡೇಟ್ ಹಾಕಿದರೆ ನೀವು ಸೇರಿಸಿದ ಡ್ರೈವರ್ ಹೋಗಿಬಿಡುತ್ತದೆ, ಮತ್ತೆ ಮೊದಲಿನಿಂದ ಸೇರಿಸಬೇಕು. ಮೂಲ ಬ್ಯಾಕಪ್ ಮತ್ತು ತಿದ್ದಿದ ಫೈಲ್ ಎರಡನ್ನೂ ಬೋರ್ಡ್ ಹೆಸರು, ತಾರೀಕು ಬರೆದು ಬೇರೆ ಮಶೀನ್‌ನಲ್ಲಿ ಎತ್ತಿಡಿ.