ಅಪ್ಸರೆ ಏನು ಕೊಂಡಳು? ಗುಡ್ಡದ ಹೆಸರು ಬಿಡಿಸುವ ನನ್ನ ರೀತಿ

ಹೊನ್ನಾವರದ ಹತ್ತಿರ ಸಮುದ್ರಕ್ಕೆ ಮುಖ ಮಾಡಿ ನಿಂತ ಗುಡ್ಡ ಅಪ್ಸರಕೊಂಡ. ಬೆಳಗಾವಿ ಕಡೆ ಈ ಹೆಸರು ಹೇಳಿದರೆ ಮೊದಲ ಪ್ರಶ್ನೆ, "ಅಪ್ಸರಿ ಏನ್ ಕೊಂಡಳ್ರಿ?" ಹೈದರಾಬಾದ್ ನೋಡಿ ಬಂದವರು ಇದ್ದರೆ, "ಕೊಂಡ ಅಂದ್ರ ಗುಡ್ಡ, ಗೋಲ್ಕೊಂಡ ಇದ್ದಂಗ" ಅಂತ ತೀರ್ಪು ಕೊಡುತ್ತಾರೆ. ಹತ್ತಿ ನೋಡಿದರೆ ಅದು ಗುಡ್ಡವೇ ಆದ್ದರಿಂದ ಈ ತೀರ್ಪು ಸರಿ ಅನಿಸುತ್ತದೆ, ಆದರೆ ತಪ್ಪು. ಇಲ್ಲಿಯ ಕೊಂಡ ತೆಲುಗಿನದಲ್ಲ, ಅಗ್ನಿಕೊಂಡ ಅನ್ನುವಾಗ ಬರುವ ಕನ್ನಡದ ಕೊಂಡ. ಅಂದರೆ ಗುಂಡಿ, ಮಡು. ಗುಡ್ಡದ ಬುಡದಲ್ಲಿ ಸಣ್ಣ ಜಲಪಾತ ಬಿದ್ದು ನೀರು ನಿಲ್ಲುತ್ತದೆ. ಅಪ್ಸರೆಯರು ಜಳಕಕ್ಕೆ ಇಳಿಯುತ್ತಿದ್ದರು ಅನ್ನುವ ಕಥೆಯೂ ಆ ನೀರಿನದೇ, ನೆತ್ತಿಯದಲ್ಲ. ಕೆಳಗಿನ ಮಡುವಿನ ಹೆಸರು ಮೇಲಿನ ಗುಡ್ಡಕ್ಕೆ ಹತ್ತಿಕೊಂಡಿದೆ, ಅಷ್ಟೆ.

ಇಂಥ ಹೆಸರನ್ನು ನಾನು ಬಾಲದಿಂದ ಓದುತ್ತೇನೆ. ಮೊದಲ ಭಾಗಕ್ಕೆ ದೇವರು, ಅಪ್ಸರೆ, ಪಾಂಡವರು ಬಂದು ಕೂತಿರುತ್ತಾರೆ, ಅಲ್ಲಿ ಕೈ ಹಾಕಿದರೆ ಪುರಾಣವೇ ಸಿಗುತ್ತದೆ. ನೆಲದ ಸುದ್ದಿ ಇರುವುದು ಕೊನೆಯ ಪದದಲ್ಲಿ. ಹೊನ್ನಾವರ ತಾಲೂಕಿನದೇ ಇನ್ನೊಂದು ಗುಡ್ಡ ಕರಿಕಾನ: ಕಾನು ಅಂದರೆ ದಟ್ಟ ಕಾಡು, ಗುಡ್ಡದ ಮಾತೇ ಇಲ್ಲ. ನಮ್ಮ ಕಡೆಯೂ ಇದೇ ಕಥೆ. ಐಹೊಳೆ ಹತ್ತಿರದ ಸಿದ್ಧನಕೊಳ್ಳ, ಸುರೇಬಾನದ ಶಬರಿಕೊಳ್ಳ ಎರಡಕ್ಕೂ ಜನ ಹೋಗುವುದು ಕೊಳ್ಳಕ್ಕೆ. ಸುತ್ತಲಿನ ಗುಡ್ಡ ಬೇರೆ ಹೆಸರು ಕೇಳಿಲ್ಲ. ದನಗಾರರಿಗೆ, ದಾರಿಹೋಕರಿಗೆ ಬೇಕಾದದ್ದು ನೀರು, ನೆರಳು, ಮೇವು. ಎತ್ತರ ಬೇಕಾದದ್ದು ಕೋಟೆ ಕಟ್ಟಿದವರಿಗೆ. ಹಾಗಾಗಿಯೇ ಯಳ್ಳೂರಿನ ಗುಡ್ಡಕ್ಕೆ ಗಡ ಅನ್ನುವ ಬಾಲ ಬಂತು.

ನಕ್ಷೆಯಿಂದ ಶುರು ಮಾಡಿ. ಸರ್ವೆ ಆಫ್ ಇಂಡಿಯಾದ 1:50,000 ಹಾಳೆ ಸಾಕು. ಅದರಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ 500 ಮೀಟರ್. ಇಂಥ ಹಾಳೆಗಳ ಗುಂಪಿನ ಹಳೆಯ ಸಂಖ್ಯೆಯಲ್ಲಿ ಬೆಳಗಾವಿ 48 ಐ, ಹೊನ್ನಾವರ ಅದರ ಕೆಳಗಿನ 48 ಜೆ, ಬಾದಾಮಿ 48 ಎಂ, ವಿಜಯಪುರ ಮತ್ತು ಬಾಗಲಕೋಟೆ 47 ಪಿ. ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಎತ್ತರದ ಗೆರೆಗಳು ವಿ ಆಕಾರದಲ್ಲಿ ಬಾಗಿ, ಅದರ ಮೂತಿ ಏರಿನ ಕಡೆಗಿದ್ದರೆ ಅದು ಕೊಳ್ಳ. ಇಳುಕಲಿನ ಕಡೆಗಿದ್ದರೆ ಗುಡ್ಡದ ಏಣು. ಹೆಸರು ಅಚ್ಚಾದದ್ದು ಶಿಖರದ ಅಂಕಿಯ ಪಕ್ಕವೋ, ಹಳ್ಳದ ನೀಲಿ ಗೆರೆಯ ಪಕ್ಕವೋ ನೋಡಿಕೊಳ್ಳಿ. ಹಳ್ಳದ ಪಕ್ಕ ಇದ್ದರೆ ನೀರಿನ ಹೆಸರು ಅಂತ ಅರ್ಧ ಉತ್ತರ ಸಿಕ್ಕಂತೆ. ಆದರೆ ನಕ್ಷೆಯ ಇಂಗ್ಲಿಷ್ ಕಾಗುಣಿತವನ್ನು ಮಾತ್ರ ನಂಬಬೇಡಿ. ಅದರಲ್ಲಿ ಲ-ಳ ಒಂದೇ, ದ-ಡ ಒಂದೇ, ಹ್ರಸ್ವ-ದೀರ್ಘ ಒಂದೇ. ದಡ್ಡಿ ಅಂದರೆ ದನದ ಕೊಟ್ಟಿಗೆ, ಅದನ್ನು ಇಂಗ್ಲಿಷಿನಿಂದ ಓದಿ ದದ್ದಿ ಮಾಡಿ ಅರ್ಥ ಹುಡುಕುತ್ತ ಕೂತವರಿದ್ದಾರೆ.

ಆಮೇಲೆ ಕೇಳುವ ಕೆಲಸ. ತಪ್ಪುಗಳು ಹುಟ್ಟುವುದು ಹೆಚ್ಚಾಗಿ ಇಲ್ಲೇ. "ಇದಕ್ಕ ಅಪ್ಸರಕೊಂಡ ಅಂತಾರಲ್ರಿ?" ಅಂತ ಕೇಳಿದರೆ ಎದುರಿನವರು ಮರ್ಯಾದೆಗಾದರೂ ಹೌದ್ರಿ ಅಂತಾರೆ. ಹೆಸರು ನಮ್ಮ ಬಾಯಿಂದ ಬರಲೇಬಾರದು. "ದನಾ ಎತ್ತಾಗ ಹೊಡೀತೀರಿ?", "ಬ್ಯಾಸಿಗ್ಯಾಗ ನೀರು ಎಲ್ಲಿ ಇರ್ತೈತಿ?", "ಕಟಗಿ ಎಲ್ಲಿಂದ ತರ್ತೀರಿ?" ಇವು ಕೆಲಸ ಮಾಡುತ್ತವೆ. ಉತ್ತರದೊಳಗೆ ಹೆಸರು ತಾನೇ ಬರುತ್ತದೆ, ಅದೂ ದಿನಬಳಕೆಯ ರೂಪದಲ್ಲಿ. ಕರಾವಳಿಗೆ ಹೋದಾಗ ಪ್ರಶ್ನೆ ಅಲ್ಲಿಯ ಮಾತಿನಲ್ಲಿರಬೇಕು. ನಮ್ಮ ಮಡ್ಡಿ (ಕಲ್ಲುನೆಲದ ದಿಬ್ಬ) ಅಲ್ಲಿ ತಿಳಿಯುವುದಿಲ್ಲ, ಅವರ ಬೇಣ (ಹುಲ್ಲುಗಾವಲು) ನಮಗೆ ತಿಳಿಯುವುದಿಲ್ಲ. ಕನಿಷ್ಠ ಮೂವರನ್ನು ಬೇರೆ ಬೇರೆಯಾಗಿ ಕೇಳಿ, ಅದರಲ್ಲಿ ಒಬ್ಬರಾದರೂ ಅರವತ್ತು ದಾಟಿರಲಿ, ಒಬ್ಬರು ಗುಡ್ಡದ ಇನ್ನೊಂದು ಮಗ್ಗುಲಿನ ಊರಿನವರಾಗಿರಲಿ. ಎರಡು ಮಗ್ಗುಲಿಗೆ ಎರಡು ಹೆಸರಿರುವುದು ಸಾಮಾನ್ಯ. ಬೆಳಗಾವಿ ಸುತ್ತ ಭಾಷೆಯೂ ಎರಡು: ಯಳ್ಳೂರಗಡವೇ ರಾಜಹಂಸಗಡ. ಯಾವುದು ನಿಜ ಅಂತ ಜಗಳಕ್ಕೆ ಬೀಳದೆ ಎರಡನ್ನೂ ಬರೆದುಕೊಳ್ಳಿ.

ನನ್ನ ವಹಿಯಲ್ಲಿ ಒಂದು ಹೆಸರಿಗೆ ಒಂದು ಪುಟ. ಕಿವಿಗೆ ಬಿದ್ದ ರೂಪ ಕನ್ನಡ ಲಿಪಿಯಲ್ಲಿ, ನಕ್ಷೆಯ ರೂಪ, ಹೇಳಿದವರ ಊರು ಮತ್ತು ಅಂದಾಜು ವಯಸ್ಸು, ಹೆಸರು ನೆತ್ತಿಗೋ ಬುಡಕ್ಕೋ, ಹತ್ತಿರದ ನೀರು. ಕಥೆ ಹೇಳಿದರೆ ಹಿಂದಿನ ಮಗ್ಗುಲಲ್ಲಿ ಬರೆಯುತ್ತೇನೆ. ಕಥೆಯನ್ನೂ ಅರ್ಥವನ್ನೂ ಒಂದೇ ಕಡೆ ಬರೆದರೆ ಆರು ತಿಂಗಳಿಗೆ ಕಥೆಯೇ ಅರ್ಥವಾಗಿಬಿಡುತ್ತದೆ.

ಶಾಸನ ಸಿಕ್ಕರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ನಮ್ಮ ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಜಿಲ್ಲೆಗೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18, 20ನೇ ಸಂಪುಟಗಳನ್ನು ತಿರುವಬೇಕು. ಸವದತ್ತಿ ಸೀಮೆಯ ಹೂಲಿಯನ್ನೇ ನೋಡಿ. ಹುಲಿ ಇದ್ದ ಊರು ಅಂತ ಯಾರಾದರೂ ಹೇಳಿಬಿಡಬಹುದು. ಶಾಸನದಲ್ಲಿ ಅದು ಪೂಲಿ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾದದ್ದು ಸರಿ, ಆದರೆ ಪ್ರಾಣಿಯ ಹಳೆಯ ರೂಪ ಹ್ರಸ್ವದ ಪುಲಿ. ದೀರ್ಘ ಅಡ್ಡ ಬರುತ್ತದೆ. ಸವದತ್ತಿ ಸ್ವತಃ ಸುಗಂಧವರ್ತಿ. ಪಟ್ಟದಕಲ್ಲು ಕಿಸುವೊಳಲ್, ಕಿಸು ಎಂದರೆ ಕೆಂಪು, ಪೊಳಲ್ ಎಂದರೆ ಪಟ್ಟಣ. ಸುತ್ತಲಿನ ಕೆಂಪು ಮರಳುಗಲ್ಲು ಕಂಡವರಿಗೆ ಬೇರೆ ವಿವರಣೆ ಬೇಡ.

ಈ ಪ-ಹ ನಿಯಮ ಕಲಿತವರು ಮಾಡುವ ಎಡವಟ್ಟು ಒಂದಿದೆ. ಕೊಂಡವೇ ಹೊಂಡ ಆಯಿತು ಅಂತ ಬರೆದುಬಿಡುತ್ತಾರೆ. ಹಕಾರಕ್ಕೆ ತಿರುಗುವುದು ಪ, ಕ ಅಲ್ಲ. ಅರ್ಥ ಹತ್ತಿರ ಇದೆ ಅಂತ ಮೂಲ ಒಂದೇ ಮಾಡಬಾರದು.

ಕೊನೆಗೆ ಹೆಸರನ್ನು ನೆಲದ ಮೇಲೆ ಇಟ್ಟು ನೋಡಬೇಕು. ಕರಾವಳಿಯ ಇಂಥ ಗುಡ್ಡಗಳ ತಲೆಯ ಮೇಲೆ ಜಂಬಿಟ್ಟಿಗೆಯ ಹೊದಿಕೆ. ತೂತುತೂತಾದ ಕಲ್ಲು, ಮಳೆ ನೀರು ಕುಡಿಯುತ್ತದೆ, ಕೆಳಗೆ ಜೇಡಿ ಸಿಕ್ಕ ಕಡೆ ಒಸರುತ್ತದೆ. ನೆತ್ತಿ ಒಣ, ಬುಡ ತಂಪು. ಕೊಂಡ ಬುಡದಲ್ಲಿರುವುದಕ್ಕೆ ಕಾರಣ ಹುಡುಕಲು ಪುರಾಣ ಬೇಕಿಲ್ಲ. ನೋಡಲು ಹೋಗುವವರು ಮಳೆ ನಿಂತ ಮೇಲೆ, ಅಕ್ಟೋಬರ್-ನವೆಂಬರಿನಲ್ಲಿ ಹೋಗಿ. ಬೇಸಿಗೆಯಲ್ಲಿ ಹೋದರೆ ಧಾರೆ ಎಳೆಯಾಗಿರುತ್ತದೆ, ಮಡು ಇಳಿದಿರುತ್ತದೆ, ಕಣ್ಣಿಗೆ ಬೀಳುವುದು ಗುಡ್ಡ ಮತ್ತು ಸಮುದ್ರ ಎರಡೇ. ವಾಪಸ್ ಬಂದು ನೀವೂ ಗೋಲ್ಕೊಂಡದ ಲೆಕ್ಕ ಹೇಳುತ್ತೀರಿ.